ಪರದೇಶಕ್ಕೆ ಹೊರಟವರ ಪ್ರಶ್ನೆಗಳು: ಅಲ್ಲಿ ಊಟಕ್ಕೇನು ಮಾಡೋದು?

ಈ ತಿಂಗಳು ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಓದಿದೆ. ಒಬ್ಬರು ಜಪಾನಿಗೆ ಹೊರಟಿದ್ದಾರೆ, ಇನ್ನೊಬ್ಬರು ಇಥಿಯೋಪಿಯಾಕ್ಕೆ, ಮತ್ತೊಬ್ಬರು ಮಗಳ ಬಾಣಂತನಕ್ಕೆ ದುಬೈಗೆ. ಊರು ಬೇರೆ ಬೇರೆ, ಚಿಂತೆ ಮಾತ್ರ ಹೆಚ್ಚುಕಡಿಮೆ ಒಂದೇ. ಅಲ್ಲಿ ಊಟಕ್ಕೇನು ಮಾಡೋದು? ಇದನ್ನು ಸಣ್ಣ ಚಿಂತೆ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಹೊಟ್ಟೆ ಹಸಿದಿದ್ದರೆ ಎಂಥ ಅರಮನೆ ಎದುರು ನಿಂತರೂ ಕಣ್ಣಿಗೆ ಏನೂ ಹತ್ತುವುದಿಲ್ಲ. ವರ್ಷಗಟ್ಟಲೆ ಓಡಾಡಿ ನಾನು ಕಲಿತ ಒಂದು ದಾರಿ ಇದೆ. ಹೋದ ಊರಲ್ಲಿ ಇಂಡಿಯನ್ ಹೋಟೆಲ್ ಹುಡುಕುವ ಮೊದಲು, ಆ ಊರಿನವರು ವ್ರತದ ದಿನ, ಉಪವಾಸದ ದಿನ ಏನು ತಿನ್ನುತ್ತಾರೆ ಅಂತ ಕೇಳಿ. ನಮಗೆ ಏಕಾದಶಿ, ಶ್ರಾವಣ ಸೋಮವಾರ ಇರುವ ಹಾಗೆ ಅವರಿಗೂ ಇವೆ. ಆ ಅಡುಗೆಮನೆ ಸಿಕ್ಕಿಬಿಟ್ಟರೆ ಅರ್ಧ ಊರು ಸಿಕ್ಕ ಹಾಗೆ.

ಪ್ರಶ್ನೆ: ಮೇಡಂ, ಏಪ್ರಿಲ್‌ನಲ್ಲಿ ನಾನು, ನಮ್ಮ ಯಜಮಾನರು ಮತ್ತು ಅತ್ತೆ ಜಪಾನಿಗೆ ಹೊರಟಿದ್ದೇವೆ. ಅತ್ತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಎಂಟು ದಿನಕ್ಕೂ ಅವಲಕ್ಕಿ, ಚಪಾತಿ ಕಟ್ಟಿಕೊಂಡು ಹೋಗಬೇಕಾ? (ಉಡುಪಿಯ ಓದುಗರು)

ಉತ್ತರ: ಅವಲಕ್ಕಿ ಒಂದು ಪೊಟ್ಟಣ ಇರಲಿ, ಆದರೆ ಅದನ್ನೇ ನಂಬಿಕೊಳ್ಳಬೇಡಿ. ಮೊದಲು ಕಷ್ಟ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಜಪಾನಿನ ಅಡುಗೆಗೆ ದಾಶಿ ಅನ್ನುವ ತಿಳಿಸಾರೇ ಬುನಾದಿ. ಕತ್ಸುವೊ ಅನ್ನುವ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿ, ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ತೆಗೆಯುವ ಸಾರು ಅದು. ಉದೊನ್, ಸೋಬಾ, ಮಿಸೊ ಸೂಪ್ ಎಲ್ಲದರಲ್ಲೂ ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ. ಬಟ್ಟಲಲ್ಲಿ ಮೀನಿನ ಚೂರು ಕಾಣಿಸುವುದಿಲ್ಲ, ಹಾಗಾಗಿ ಬಡಿಸುವವರು ವೆಜಿಟೇರಿಯನ್ ಅಂತಲೇ ಹೇಳಿಬಿಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ಸಾರು ಅಂದರೆ ಮೀನಲ್ಲ. ನನ್ನ ಅಮ್ಮನಿಗೆ ಒಸಾಕಾದಲ್ಲಿ ಮೂರು ದಿನ ಹೀಗೇ ಉದೊನ್ ತಿನ್ನಿಸಿದೆ. ನಾಲ್ಕನೇ ದಿನ ವಿಷಯ ಗೊತ್ತಾದಾಗ ಅಮ್ಮ ಒಂದು ಮಾತೂ ಆಡಲಿಲ್ಲ, ರಾತ್ರಿ ಊಟ ಬಿಟ್ಟು ಸುಮ್ನೆ ಮಲಗಿದರು. ಆ ರಾತ್ರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ನಿಮ್ಮ ಅತ್ತೆಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ದಾರಿ ಇದೆ. ಜಪಾನಿನ ಬೌದ್ಧ ಮಠಗಳಲ್ಲಿ ಶೋಜಿನ್ ರ್‍ಯೋರಿ ಅನ್ನುವ ಅಡುಗೆ ಮಾಡುತ್ತಾರೆ. ಮಾಂಸ ಇಲ್ಲ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರು ತೆಗೆಯುವುದು ಕೊಂಬು ಅನ್ನುವ ಕಡಲಸೊಪ್ಪಿನಿಂದ ಮತ್ತು ಒಣಗಿಸಿದ ಅಣಬೆಯಿಂದ. ಉಡುಪಿಯವರಿಗೆ ಮಠದ ಅಡುಗೆ ಅಂದರೆ ಬೇರೆ ವಿವರ ಬೇಕಾ? ಇದನ್ನು ನೆಮ್ಮದಿಯಾಗಿ ಉಣ್ಣಬೇಕಾದರೆ ಕೋಯಾಸಾನ್ ಬೆಟ್ಟಕ್ಕೆ ಹೋಗಿ ಒಂದು ರಾತ್ರಿ ಮಠದಲ್ಲೇ ಉಳಿಯಿರಿ. ಒಸಾಕಾದ ನಂಬಾ ಸ್ಟೇಷನ್ನಿನಿಂದ ನಾನ್‌ಕಾಯ್ ರೈಲು ಹತ್ತಿ ಗೊಕುರಾಕುಬಾಶಿಯಲ್ಲಿ ಇಳಿಯಬೇಕು, ಅಲ್ಲಿಂದ ಕಡಿದಾದ ಗುಡ್ಡ ಹತ್ತುವ ಕೇಬಲ್ ಕಾರ್, ಮೇಲೆ ಹೋದ ಮೇಲೆ ಬಸ್ಸು. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಏಪ್ರಿಲ್‌ನಲ್ಲೂ ರಾತ್ರಿ ಚಳಿ ಇರುತ್ತದೆ, ಅತ್ತೆಗೆ ಸ್ವೆಟರ್ ಮರೆಯಬೇಡಿ. ಯಾತ್ರಿಕರನ್ನು ಉಳಿಸಿಕೊಳ್ಳುವ ಮಠಗಳು ಅಲ್ಲಿ ಐವತ್ತರಷ್ಟಿವೆ. ಅಗ್ಗ ಅಲ್ಲ, ಆದರೆ ರಾತ್ರಿ ಊಟ, ಬೆಳಗಿನ ಊಟ ಎರಡೂ ಅದರಲ್ಲೇ ಸೇರಿರುತ್ತದೆ.

ರಾತ್ರಿ ಊಟ ಸಂಜೆ ಐದೂವರೆ, ಆರಕ್ಕೇ ಬಂದುಬಿಡುತ್ತದೆ. ಮೊಣಕಾಲೆತ್ತರವೂ ಇಲ್ಲದ ಕೆಂಪು ಅರಗಿನ ಬಣ್ಣದ ಮಣೆ, ಅದರ ಮೇಲೆ ಅಂಗೈಯಷ್ಟು ಬಟ್ಟಲುಗಳು. ಒಂದರಲ್ಲಿ ಎಳ್ಳು ರುಬ್ಬಿ ಕೂಡಿಸಿದ ಗೋಮಾದೋಫು, ನಾಲಿಗೆ ಮೇಲಿಟ್ಟರೆ ಹಾಲುಬಾಯಿಯ ಹಾಗೆ ಜಾರುತ್ತದೆ. ಇನ್ನೊಂದರಲ್ಲಿ ಕೋಯಾದೋಫು, ಚಳಿಗೆ ಹೆಪ್ಪುಗಟ್ಟಿಸಿ ಒಣಗಿಸಿದ ತೋಫು, ಸ್ಪಂಜಿನ ಹಾಗೆ ಸಾರು ಹೀರಿಕೊಂಡಿರುತ್ತದೆ. ಕೊನೆಗೆ ಅನ್ನ, ಉಪ್ಪಿನಕಾಯಿ. ಅತ್ತೆಗೆ ನೆಲದ ಮೇಲೆ ಕೂರಲು ಮಂಡಿನೋವಿದ್ದರೆ ಬುಕ್ ಮಾಡುವಾಗಲೇ ಹೇಳಿ, ಎಷ್ಟೋ ಮಠದವರು ಪುಟ್ಟ ಕುರ್ಚಿ ಕೊಡುತ್ತಾರೆ. ಮಲಗುವುದು ಚಾಪೆ ಮೇಲೆ ಹಾಸಿದ ಹಾಸಿಗೆಯಲ್ಲಿ, ಸ್ನಾನದ ಮನೆ ಹಲವು ಕಡೆ ಎಲ್ಲರಿಗೂ ಒಂದೇ. ಇದನ್ನೂ ಮೊದಲೇ ಅತ್ತೆಗೆ ಹೇಳಿಡಿ.

ಬೆಳಗಿನ ಪೂಜೆಗೆ ತಪ್ಪದೆ ಏಳಿ. ಕೆಲವು ಮಠಗಳಲ್ಲಿ ಗೋಮಾ ಮಾಡುತ್ತಾರೆ, ಅಂದರೆ ನಮ್ಮ ಹೋಮವೇ, ಆ ಹೆಸರು ಬಂದಿರುವುದೂ ಅದರಿಂದಲೇ. ಸಮಿತ್ತು ಹಾಕುತ್ತಾ ಮಂತ್ರ ಹೇಳುವಾಗ ಅತ್ತೆ ಕೈಮುಗಿದು ಕೂತುಬಿಡುತ್ತಾರೆ ನೋಡಿ. ಆಮೇಲೆ ಒಕುನೊಇನ್ ದಾರಿ ಹಿಡಿಯಿರಿ. ಎರಡು ಕಿಲೋಮೀಟರ್, ಎರಡೂ ಬದಿಗೆ ನೂರಾರು ವರ್ಷದ ಸೀಡರ್ ಮರಗಳು, ಅವುಗಳ ಬುಡದಲ್ಲಿ ಪಾಚಿ ಹಿಡಿದ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಕೊನೆಯಲ್ಲಿ ಕೋಬೊ ದಾಯ್ಶಿಯ ಸನ್ನಿಧಿ. 816ರಲ್ಲಿ ಈ ಕ್ಷೇತ್ರ ಶುರುಮಾಡಿದವರು ಅವರು. ಅವರು ತೀರಿಕೊಂಡಿಲ್ಲ, ಒಳಗೆ ಧ್ಯಾನದಲ್ಲಿ ಕೂತಿದ್ದಾರೆ ಅಂತ ನಂಬಿಕೆ, ಇವತ್ತಿಗೂ ದಿನಕ್ಕೆ ಎರಡು ಹೊತ್ತು ಅವರಿಗೆ ಊಟ ಹೊತ್ತುಕೊಂಡು ಹೋಗುತ್ತಾರೆ. ಮಂತ್ರಾಲಯದ ಬೃಂದಾವನಕ್ಕೆ ನಡೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಕೊನೆಯ ಸೇತುವೆ ದಾಟಿದ ಮೇಲೆ ಫೋಟೊ ತೆಗೆಯುವ ಹಾಗಿಲ್ಲ.

ಉಳಿದ ದಿನಗಳಿಗೆ ಒಂದು ಚೀಟಿ ಬರೆದಿಟ್ಟುಕೊಳ್ಳಿ: "ನಿಕು ಮೊ, ಸಕಾನಾ ಮೊ, ಕತ್ಸುವೊ ದಾಶಿ ಮೊ ತಬೆಮಾಸೆನ್." ಮಾಂಸ, ಮೀನು, ಮೀನಿನ ಸಾರು ಮೂರೂ ತಿನ್ನುವುದಿಲ್ಲ ಅಂತ ಅರ್ಥ. ಹೋಟೆಲ್ ರಿಸೆಪ್ಷನ್ನಿನಲ್ಲಿ ಜಪಾನಿ ಅಕ್ಷರದಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು, ಅದರಲ್ಲೇ ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತಲೂ ಸೇರಿಸಲು ಹೇಳಿ. ಟಿಪ್ಸ್ ಕೊಡಬೇಡಿ, ಅಲ್ಲಿ ಆ ರೂಢಿಯೇ ಇಲ್ಲ.

ಪ್ರಶ್ನೆ: ಮದುವೆಯಾಗಿ ಮೂರು ತಿಂಗಳಾಯಿತು. ವಿಯೆಟ್ನಾಂಗೆ ಹೋಗೋಣ ಅಂತಿದ್ದೇವೆ. ನಾನು ಎಲ್ಲಾ ತಿನ್ನುತ್ತೇನೆ, ಅವಳು ಮೊಟ್ಟೆ ತನಕ ಮಾತ್ರ. ಇಬ್ಬರಿಗೂ ಕಾಫಿ ಹುಚ್ಚು. ಅಕ್ಟೋಬರ್ ಸರಿನಾ? (ದಾವಣಗೆರೆಯ ಓದುಗರು)

ಉತ್ತರ: ಅಕ್ಟೋಬರ್ ಬೇಡ. ವಿಯೆಟ್ನಾಮಿನ ನಡುಭಾಗಕ್ಕೆ ಅಕ್ಟೋಬರ್, ನವೆಂಬರ್‌ನಲ್ಲೇ ಜೋರು ಮಳೆ, ಹೋಯ್ ಆನ್ ಪೇಟೆಯ ಬೀದಿಗಳಲ್ಲಿ ನದಿ ನೀರು ನುಗ್ಗಿ ದೋಣಿ ಓಡಾಡುವುದೂ ಉಂಟು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳಿ.

ಊಟಕ್ಕೆ ನಿಮ್ಮ ಹೆಂಡತಿ ಕಲಿಯಬೇಕಾದ್ದು ಒಂದೇ ಪದ: ಚಾಯ್. ಚಹಾ ಅಲ್ಲ, ಅಲ್ಲಿ ಆ ಮಾತಿಗೆ ವ್ರತದ ಊಟ ಅಂತ ಅರ್ಥ. ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿಗೆ, ಅಲ್ಲಿ ಬಹಳ ಜನ ಮಾಂಸ ಮೀನು ಮುಟ್ಟುವುದಿಲ್ಲ. ಕ್ವಾನ್ ಚಾಯ್ ಅಂತ ಬೋರ್ಡ್ ಇರುವ ಕಡೆ ನುಗ್ಗಿದರೆ ಮೀನಿನ ಸಾಸ್ ಕೂಡ ಹಾಕದ ಅಡುಗೆ ಸಿಗುತ್ತದೆ. ಬೇರೆ ಕಡೆ ಸೊಪ್ಪಿನ ಪಲ್ಯಕ್ಕೂ ನೂಕ್ ಮಾಮ್ ಅನ್ನುವ ಆ ಸಾಸ್ ಬಿದ್ದಿರುತ್ತದೆ, ಅದಕ್ಕೇ "ತೋಯ್ ಅನ್ ಚಾಯ್" ಅಂತ ಬಾಯಿಪಾಠ ಮಾಡಿಸಿ. ನಾನು ಚಾಯ್ ತಿನ್ನುವವಳು ಅಂತ. (ಥಾಯ್ಲೆಂಡಿಗೆ ಹೋಗುವವರು ಹಳದಿ ಬಾವುಟದ ಮೇಲೆ ಕೆಂಪಕ್ಷರದ 'ಜೇ' ಗುರುತು ನೋಡಿಕೊಳ್ಳಿ, ಅದೂ ಇದೇ ವ್ರತದ ಅಡುಗೆ, ಅಲ್ಲೂ ಬೆಳ್ಳುಳ್ಳಿ ಇಲ್ಲ.)

ಕಾಫಿ ವಿಷಯಕ್ಕೆ ನಿಮಗೆ ಇದಕ್ಕಿಂತ ಒಳ್ಳೆಯ ದೇಶ ಸಿಗುವುದು ಕಷ್ಟ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಜಾಸ್ತಿ ಕಾಫಿ ಬೆಳೆಯುವುದು ವಿಯೆಟ್ನಾಂ, ಅದರಲ್ಲಿ ಹೆಚ್ಚಿನದು ರೊಬಸ್ಟಾ. ಲೋಟದ ಮೇಲೆ ಫಿನ್ ಅನ್ನುವ ಪುಟ್ಟ ಲೋಹದ ಫಿಲ್ಟರ್ ಕೂರಿಸಿ ಕೊಡುತ್ತಾರೆ. ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್, ಮೇಲಿಂದ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅವಸರ ಮಾಡಿ ಅಲ್ಲಾಡಿಸಬೇಡಿ, ಐದು ನಿಮಿಷ ಅದನ್ನೇ ನೋಡುತ್ತಾ ಕೂರಿ. ಹನೋಯ್‌ನಲ್ಲಿ ಮೊಟ್ಟೆ ಕಾಫಿ ಕುಡಿಯಿರಿ, ಅವಳಿಗೂ ನಡೆಯುತ್ತದೆ. 1946ರಲ್ಲಿ ಹಾಲಿಗೆ ಬರ ಬಂದಾಗ ಹಳದಿ ಭಾಗವನ್ನು ಸಿಹಿ ಹಾಕಿ ನೊರೆ ಬರುವ ತನಕ ಕಡೆದು ಕಾಫಿ ಮೇಲೆ ಹಾಕಿದ್ದು, ಈಗ ಅದೇ ಊರಿನ ಹೆಮ್ಮೆ.

ಹೋಯ್ ಆನ್‌ನಲ್ಲಿದ್ದಾಗ ಒಂದು ಬೆಳಗ್ಗೆ ಮೀ ಸನ್‌ಗೆ ಬಿಡುವು ಮಾಡಿಕೊಳ್ಳಿ, ಸುಮಾರು 40 ಕಿಲೋಮೀಟರ್. ಚಂಪಾ ರಾಜರು ನಾಲ್ಕನೇ ಶತಮಾನದಿಂದ ಕಟ್ಟಿಸುತ್ತಾ ಬಂದ ಇಟ್ಟಿಗೆಯ ಶಿವಾಲಯಗಳು, ಸಂಸ್ಕೃತ ಶಾಸನಗಳು. 1969ರಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ದೊಡ್ಡ ಗೋಪುರ ನೆಲಕ್ಕುರುಳಿತು, ಆ ಗುಂಡಿಗಳು ಈಗಲೂ ಹುಲ್ಲಿನ ನಡುವೆ ಕಾಣುತ್ತವೆ. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಒಂಬತ್ತನೇ ಶತಮಾನದ ಒಂದು ಕಲ್ಲಿನ ಲಿಂಗ ಸಿಕ್ಕಿತು. ಬಿಸಿಲೇರುವ ಮೊದಲೇ ತಲುಪಿಬಿಡಿ, ಹತ್ತು ಗಂಟೆ ಮೇಲೆ ಇಟ್ಟಿಗೆ ಕಾದು ನಿಲ್ಲಲಾಗುವುದಿಲ್ಲ.

ಪ್ರಶ್ನೆ: ಕೆಲಸದ ಮೇಲೆ ಒಂದು ತಿಂಗಳು ಅಡಿಸ್ ಅಬಾಬಾಗೆ ಹೋಗಬೇಕಾಗಿದೆ. ಇಥಿಯೋಪಿಯಾ ಅಂದಕೂಡಲೇ ಮನೆಯವರಿಗೆಲ್ಲ ಹೆದರಿಕೆ. ನಾನು ಶುದ್ಧ ಸಸ್ಯಾಹಾರಿ. (ತುಮಕೂರಿನ ಓದುಗರು)

ಉತ್ತರ: ಸಸ್ಯಾಹಾರಿಗೆ ಇಷ್ಟು ಸಲೀಸಾದ ದೇಶ ನಾನು ಬೇರೆ ಕಂಡಿಲ್ಲ, ನಿಜವಾಗಿಯೂ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಡುತ್ತಾರೆ, ಈಸ್ಟರ್‌ಗೆ ಮೊದಲು 55 ದಿನ ಒಟ್ಟಿಗೆ ಬಿಡುತ್ತಾರೆ. ಈ ಉಪವಾಸಕ್ಕೆ ತ್ಸೋಮ್ ಅಂತ ಹೆಸರು. ಹೋಟೆಲಿಗೆ ಹೋಗಿ "ಯೆ ತ್ಸೋಮ್ ಬೆಯಾಯ್ನೆತು" ಅನ್ನಿ. ಅಗಲವಾದ ತಟ್ಟೆ ತುಂಬಾ ಇಂಜೆರಾ ಹಾಸಿ ಅದರ ಮೇಲೆ ಬೇಳೆ, ಎಲೆಕೋಸು, ಬೀಟ್‌ರೂಟ್, ಸೊಪ್ಪು, ಕಡಲೆಹಿಟ್ಟಿನ ಶಿರೊ ಎಲ್ಲಾ ಗುಡ್ಡೆ ಗುಡ್ಡೆಯಾಗಿ ಬರುತ್ತದೆ.

ಇಂಜೆರಾ ಅಂದರೆ ತೆಫ್ ಅನ್ನುವ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಕಾವಲಿ ಮೇಲೆ ಸುತ್ತು ಸುತ್ತಾಗಿ ಹೊಯ್ದು, ಒಂದೇ ಬದಿ ಬೇಯಿಸಿದ ದೋಸೆ. ಮೇಲೆಲ್ಲಾ ಕಣ್ಣು ಕಣ್ಣು. ಮೊದಲ ದಿನ ಹುಳಿ ಜಾಸ್ತಿ ಅನಿಸುತ್ತದೆ, ನಾಲ್ಕನೇ ದಿನ ಬೇಕೇ ಬೇಕು ಅನಿಸುತ್ತದೆ. ತುಮಕೂರಿನವರಿಗೆ ಇನ್ನೊಂದು ಮಾತು: ನಾವು ಮುದ್ದೆ ಕಟ್ಟುವ ರಾಗಿಯ ತವರು ಕೂಡ ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲವೇ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಹೊರಟು ನಮ್ಮ ಹೊಲಕ್ಕೆ ಬಂತು. ಕಾಫಿಯೂ ಹಾಗೇ, ಅಲ್ಲಿ ಹುಟ್ಟಿ, ಯೆಮೆನ್ ದಾಟಿ, ಬಾಬಾ ಬುಡನ್ ಜೊತೆ ಚಿಕ್ಕಮಗಳೂರಿನ ಗಿರಿಗೆ ಬಂತು ಅಂತ ಹೇಳುತ್ತಾರೆ.

ಯಾರಾದರೂ ಮನೆಗೆ ಕಾಫಿಗೆ ಕರೆದರೆ ಒಂದೂವರೆ ಗಂಟೆ ಬಿಡುವು ಮಾಡಿಕೊಂಡೇ ಹೋಗಿ. ನೆಲಕ್ಕೆ ಹಸಿ ಹುಲ್ಲು ಹರಡಿರುತ್ತಾರೆ. ಮನೆಯಾಕೆ ನಿಮ್ಮೆದುರೇ ಹಸಿ ಬೀಜ ಹುರಿದು, ಬಾಣಲೆಯನ್ನು ಒಬ್ಬೊಬ್ಬರ ಮುಂದೆ ಹಿಡಿದು ಹೊಗೆಯ ಘಮ ತೋರಿಸುತ್ತಾರೆ. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಕರಿ ಮಣ್ಣಿನ ಹೂಜಿಯಲ್ಲಿ ಕಾಯಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾರೆ. ಮೂರು ಸುತ್ತು: ಅಬೊಲ್, ತೋನಾ, ಬರಕಾ. ಮೂರನೆಯದು ಆಶೀರ್ವಾದದ ಸುತ್ತು, ಅದಕ್ಕೆ ಮೊದಲೇ ಎದ್ದುಬಂದರೆ ಅವರಿಗೆ ಬೇಜಾರಾಗುತ್ತದೆ. ಊಟಕ್ಕೆ ಕೂತಾಗ ಯಾರಾದರೂ ಇಂಜೆರಾ ಸುತ್ತಿ ನೇರ ನಿಮ್ಮ ಬಾಯಿಗೇ ತಂದರೆ ಹಿಂದೆ ಸರಿಯಬೇಡಿ. ಅದು ಗುರ್ಶಾ, ನಮ್ಮ ಕೈತುತ್ತು.

ಇನ್ನು ಕೆಲಸದ ಮಾತು. ಅಲ್ಲಿನ ಗಡಿಯಾರ ಸೂರ್ಯ ಹುಟ್ಟಿದ ಮೇಲೆ ಶುರು, ನಮ್ಮ ಬೆಳಗ್ಗೆ ಏಳು ಅಂದರೆ ಅವರಿಗೆ ಒಂದು ಗಂಟೆ. ಯಾರಾದರೂ ಮೂರಕ್ಕೆ ಬನ್ನಿ ಅಂದರೆ ಯಾವ ಮೂರು ಅಂತ ಕೇಳಿ. ವಿಮಾನದ ಟಿಕೆಟಿನಲ್ಲಿ ಮಾತ್ರ ನಮ್ಮ ಲೆಕ್ಕವೇ. ಹೊರಡುವ ಕನಿಷ್ಠ ಹತ್ತು ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಆ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಅದಿಲ್ಲದೆ ಇಥಿಯೋಪಿಯಾದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಪ್ರತ್ಯೇಕ ಇರಿಸುತ್ತಾರೆ. ಬಂಡೆ ಕೊರೆದು ಮಾಡಿದ 11 ಚರ್ಚುಗಳಿರುವ ಲಾಲಿಬೆಲಾ ನೋಡುವ ಆಸೆ ನಿಮಗೆ ಬಂದೇ ಬರುತ್ತದೆ. ಆದರೆ ಆ ಕಡೆ ಇತ್ತೀಚಿನ ವರ್ಷಗಳಲ್ಲಿ ಸಂಘರ್ಷ ನಡೆದಿದೆ, ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡದೆ ಅಡಿಸ್ ಬಿಟ್ಟು ಹೊರಡಬೇಡಿ. ಮನೆಯವರ ಹೆದರಿಕೆಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಪ್ರಶ್ನೆ: ಎಲ್ಲರೂ ಸಸ್ಯಾಹಾರದ್ದೇ ಕೇಳುತ್ತಾರೆ. ನಮಗೆ ದಿನಾ ಮೀನು ಬೇಕು. ಯುರೋಪಿನಲ್ಲಿ ಎಲ್ಲಿಗೆ ಹೋಗೋಣ? (ಹೊನ್ನಾವರದ ಓದುಗರು)

ಉತ್ತರ: ಪೋರ್ಚುಗಲ್. ಎರಡನೇ ಯೋಚನೆ ಬೇಡ. ಸಾಧ್ಯವಾದರೆ ಜೂನ್ 12ರ ರಾತ್ರಿ ಲಿಸ್ಬನ್ನಿನ ಅಲ್ಫಾಮಾ ಓಣಿಗಳಲ್ಲಿರಿ. ಸಂತ ಅಂತೋನಿಯ ಹಬ್ಬ, ಮನೆಮನೆ ಮುಂದೆ ಕೆಂಡದ ಮೇಲೆ ಸಾರ್ಡೀನ್ ಸುಡುತ್ತಿರುತ್ತಾರೆ. ನಮ್ಮ ತಾರ್ಲೆಯ ಜಾತಿಯದೇ, ಸ್ವಲ್ಪ ದಪ್ಪ, ಮೇಲೆ ಬರೀ ಹರಳುಪ್ಪು. ಒಂದು ಬ್ರೆಡ್ ತುಂಡಿನ ಮೇಲಿಟ್ಟು ಕೈಯಲ್ಲೇ ಬಿಡಿಸಿ ತಿನ್ನುವುದು, ಮೀನಿನ ಎಣ್ಣೆಯೆಲ್ಲ ಇಳಿದ ಆ ಬ್ರೆಡ್ಡನ್ನು ಕೊನೆಗೆ ತಿನ್ನುವುದು. ಅದೇ ಅದರ ಸಾರ.

ಇಲ್ಲಿ ನನ್ನ ಉಪವಾಸದ ಸೂತ್ರ ನಿಮ್ಮ ಕಡೆಗೇ ತಿರುಗುತ್ತದೆ. ಕ್ಯಾಥೊಲಿಕರು ಶುಕ್ರವಾರ ಮತ್ತು ಈಸ್ಟರ್ ಮುಂಚಿನ ವ್ರತದಲ್ಲಿ ಮಾಂಸ ಬಿಡುತ್ತಿದ್ದರು, ಮೀನು ನಡೆಯುತ್ತಿತ್ತು. ಹಾಗಾಗಿ ಉಪ್ಪು ಹಾಕಿ ಒಣಗಿಸಿದ ಬಕಲ್ಯಾವ್ ಆ ದೇಶದ ವ್ರತದ ಊಟವಾಯಿತು. ಈಗಲೂ ಕ್ರಿಸ್‌ಮಸ್ ಹಿಂದಿನ ರಾತ್ರಿ ಅದೇ ಬೇಕು. ಒಣಮೀನಿನ ರುಚಿ ಗೊತ್ತಿರುವ ನಿಮಗೆ ಅದು ಹೊಸದೇನೂ ಅಲ್ಲ.

ಲಿಸ್ಬನ್ನಿನದೇ ಭಾಗವಾದ ಬೆಲೆಂನಲ್ಲಿ ಜೆರೋನಿಮಸ್ ಮಠ ನೋಡಿ. ವಾಸ್ಕೊ ಡ ಗಾಮನ ಸಮಾಧಿ ಅದರೊಳಗೇ ಇದೆ. ಆ ಮಠಕ್ಕೆ ಸುರಿದ ದುಡ್ಡಿನಲ್ಲಿ ಸಂಬಾರ ವ್ಯಾಪಾರದ ತೆರಿಗೆಯೂ ಇತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದವರೂ ಇದೇ ಪೋರ್ಚುಗೀಸರು. ಹೊನ್ನಾವರದವರು ಆ ಕಲ್ಲಿನ ಕೆತ್ತನೆ ಮುಂದೆ ನಿಂತಾಗ ಇದು ನೆನಪಿರಲಿ. ಇನ್ನೊಂದು, ಹೋಟೆಲಲ್ಲಿ ಕೂತ ಕೂಡಲೇ ಕೇಳದೆಯೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ. ಬೇಡದಿದ್ದರೆ ಮುಟ್ಟದೆ ವಾಪಸ್ ಕಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. 28ನೇ ನಂಬರಿನ ಟ್ರಾಮಿನಲ್ಲಿ ಜೇಬುಗಳ್ಳರ ಕಾಟ ಇದೆ, ಪರ್ಸ್ ಮುಂದಿನ ಜೇಬಲ್ಲಿರಲಿ.

ಪ್ರಶ್ನೆ: ಅಪ್ಪ ಅಮ್ಮನಿಗೆ ಯುರೋಪ್ ತೋರಿಸಬೇಕು. ಹತ್ತು ದಿನದಲ್ಲಿ ಏಳು ದೇಶ ಅಂತ ಪ್ಯಾಕೇಜ್ ಇದೆ. ಅಪ್ಪನಿಗೆ 70. (ಬೆಂಗಳೂರಿನ ಓದುಗರು)

ಉತ್ತರ: ದಯವಿಟ್ಟು ಬೇಡ. ಅವರು ನೋಡುವುದು ಬಸ್ಸಿನ ಕಿಟಕಿ, ಹೆದ್ದಾರಿಯ ಶೌಚಾಲಯ. ಅದೇ ದುಡ್ಡಿನಲ್ಲಿ ರೋಮ್ ಐದು ದಿನ, ಫ್ಲಾರೆನ್ಸ್ ನಾಲ್ಕು ದಿನ ಇರಿಸಿ. ರೋಮಿನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ಕಂಬಗಳಿವೆ, ನಲ್ಲಿಯ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಅಪ್ಪನಿಗೆ ಅದನ್ನು ತೋರಿಸಿಕೊಡಿ. ಮಳೆ ಬಂದ ದಿನ ಪ್ಯಾಂಥಿಯನ್‌ಗೆ ಕರೆದುಕೊಂಡು ಹೋಗಿ. ಸುಮಾರು 1900 ವರ್ಷದ ಗುಮ್ಮಟ, ನೆತ್ತಿಯಲ್ಲಿ ಒಂಬತ್ತು ಮೀಟರ್ ಅಗಲದ ಬಯಲು ಕಂಡಿ. ಅಲ್ಲಿಂದ ಮಳೆ ನೇರ ಒಳಗೆ ಬಿದ್ದು, ನೆಲದಲ್ಲಿ ಮಾಡಿಟ್ಟ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ, ಅಮ್ಮನಿಗೆ ಒಂದು ಹೊತ್ತು ಅನ್ನ ಸಾರು ಮಾಡಿಕೊಳ್ಳಲು ಸಿಕ್ಕರೆ ಉಳಿದ ಹೊತ್ತು ಪಾಸ್ತಾ, ಪಿಜ್ಜಾ ಖುಷಿಯಾಗಿ ತಿನ್ನುತ್ತಾರೆ.

ಪ್ರಶ್ನೆ: ದೊಡ್ಡ ಮಗಳ ಬಾಣಂತನಕ್ಕೆ ದುಬೈಗೆ, ಅಲ್ಲಿಂದ ಸಣ್ಣ ಮಗಳ ಮನೆಗೆ ಮೆಲ್ಬರ್ನಿಗೆ. ಅಂಟಿನುಂಡೆ, ಬಾಣಂತಿ ಖಾರ, ತುಪ್ಪ, ಉಪ್ಪಿನಕಾಯಿ ಒಯ್ಯಬಹುದಾ? (ಧಾರವಾಡದ ಓದುಗರು)

ಉತ್ತರ: ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಗಸಗಸೆ ಮಾತ್ರ ಖಂಡಿತ ಬೇಡ. ನಮಗೆ ಅದು ಪಾಯಸದ ಸಾಮಾನು, ದುಬೈನಲ್ಲಿ ಅದು ನಿಷೇಧಿತ ಮಾದಕ ವಸ್ತುಗಳ ಲೆಕ್ಕಕ್ಕೆ ಬರುತ್ತದೆ, ಅಫೀಮಿನ ಗಿಡದ ಬೀಜ ಅಲ್ವಾ. ಅಂಟಿನುಂಡೆಗೆ, ಖಾರಕ್ಕೆ, ಮಸಾಲೆ ಪುಡಿಗೆ ಚಿಟಿಕೆಯಷ್ಟೂ ಹಾಕಬೇಡಿ, ಅಂಗಡಿಯಿಂದ ತಂದ ಪುಡಿಯಾದರೆ ಪೊಟ್ಟಣದ ಹಿಂದೆ ಓದಿ. ಕೆಮ್ಮಿನ ಸಿರಪ್, ನೋವಿನ ಮಾತ್ರೆ ಒಯ್ಯುವುದಾದರೆ ಡಾಕ್ಟರ ಚೀಟಿ ಜೊತೆಗಿರಲಿ. ಕೊಡೀನ್, ಟ್ರಮಡಾಲ್ ಇರುವಂಥವಕ್ಕೆ ಅಲ್ಲಿ ಬಿಗಿ ಕಾನೂನಿದೆ.

ಆಸ್ಟ್ರೇಲಿಯಾದ ರೀತಿಯೇ ಬೇರೆ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಇದೆಯಾ ಅಂತ ಕೇಳಿರುತ್ತಾರೆ, ಒಂದೇ ಒಂದು ಚಕ್ಕುಲಿ ಇದ್ದರೂ ಹೌದು ಅಂತಲೇ ಗುರುತು ಹಾಕಿ. ಹೇಳಿ ತೋರಿಸಿದರೆ, ಅವರಿಗೆ ಬೇಡವಾದದ್ದನ್ನು ತೆಗೆದು ಕಸಕ್ಕೆ ಹಾಕುತ್ತಾರೆ, ಅಷ್ಟೇ. ಹೇಳದೆ ಸಿಕ್ಕಿಬಿದ್ದರೆ ದೊಡ್ಡ ದಂಡ. ಹಣ್ಣು, ಕರಿಬೇವು, ಹಾಲಿನ ಸಿಹಿ ಒಯ್ಯುವ ಯೋಚನೆಯೇ ಬೇಡ. ಎಲ್ಲವನ್ನೂ ಒಂದೇ ಚೀಲದಲ್ಲಿ, ಸೂಟ್‌ಕೇಸಿನ ಮೇಲ್ಭಾಗದಲ್ಲೇ ಇಟ್ಟು, ಒಂದೊಂದರ ಮೇಲೂ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಅಧಿಕಾರಿ ಕೇಳಿದಾಗ ತಡಬಡಿಸದೆ ತೆಗೆದು ತೋರಿಸಲು ಅನುಕೂಲ. ತುಪ್ಪ ಎರಡೂ ಊರಿನ ಅಂಗಡಿಯಲ್ಲಿ ಸಿಗುತ್ತದೆ, ಭಾರ ಹೊರಬೇಡಿ. ಅಂಟು, ಕೊಬ್ಬರಿ, ಉತ್ತುತ್ತಿ ಮಾತ್ರ ದುಬೈಗೆ ಬಿಡಿಬಿಡಿಯಾಗಿ ಕಟ್ಟಿಕೊಂಡು ಹೋಗಿ. ಉಂಡೆಯನ್ನು ಮಗಳ ಅಡುಗೆಮನೆಯಲ್ಲೇ ಕಟ್ಟಿ, ಬಿಸಿಬಿಸಿ ಕೊಡಬಹುದು.